ಆಕಾಶದಿಂದ ಬಿದ್ದದ್ದು ಕಲ್ಲೋ, ಓಲೆಯೋ? – ಮಂಗಳವಾರ್ತೆಯ ಮಹೋತ್ಸವದ ಪ್ರಬೋಧನೆ



ಇಂದು ಮಾರ್ಚ್ 25. ಕ್ರಿಸ್ಮಸ್ ಹಬ್ಬಕ್ಕೆ ಸರಿಯಾಗಿ ಒಂಬತ್ತು ತಿಂಗಳು. ದೇವದೂತ ಗಬ್ರಿಯೇಲನು ನಜರೇತಿನ ಕನ್ಯೆಯ ಬಳಿಗೆ ಬಂದು ಮಂಗಳವಾರ್ತೆ ತಿಳಿಸಿದ್ದನ್ನು ನಾವು ಸ್ಮರಿಸುವ ದಿನ. ತಪಸ್ಸುಕಾಲದ ನಡುವೆ ನೇರಳೆ ಉಡುಪನ್ನು ಒಂದು ದಿನದ ಮಟ್ಟಿಗೆ ಬದಿಗಿಟ್ಟು ಬಿಳಿ ಉಡುಪು ಧರಿಸಿ ಮಹಿಮಾಗೀತೆ ಹಾಡುವ ಹಬ್ಬವಿದು. ಪವಿತ್ರ ವಾರದಲ್ಲಿ ಬಿದ್ದರೂ ಧರ್ಮಸಭೆ ಇದನ್ನು ಕೈಬಿಡುವುದಿಲ್ಲ, ಪಾಸ್ಖದ ಅಷ್ಟಾಹದ ನಂತರಕ್ಕೆ ಮುಂದೂಡುತ್ತದೆ. 2024ರಲ್ಲಿ ನಾವು ಇದನ್ನು ಏಪ್ರಿಲ್ 8ರಂದು ಆಚರಿಸಿದೆವು. ವಾರದ ನಡುವೆ ಬರುವ ಹಬ್ಬವಾದ್ದರಿಂದ ಬೆಂಚುಗಳು ತುಂಬುವುದು ಕಡಿಮೆ. ಬಂದವರಿಗೆ ಹೆಚ್ಚಿನ ಪಾಲು ಎಂದುಕೊಳ್ಳೋಣ.

ಈ ಹಬ್ಬ ನಮ್ಮ ಊರಿಗೆ ಬರುವ ಕಾಲವನ್ನು ಸ್ವಲ್ಪ ಗಮನಿಸಿ. ಸೆಕೆ ಏರುತ್ತಿದೆ. ಗೇರು ಹಣ್ಣಾಗುತ್ತಿದೆ, ಮಾವು ಮಿಡಿ ಕಚ್ಚಿದೆ, ಬಾವಿಯ ನೀರು ಇಳಿಯುತ್ತಿದೆ. ಕೆಲವು ದಿನ ಮಧ್ಯಾಹ್ನ ಕಳೆಯುವ ಹೊತ್ತಿಗೆ ಕಾರ್ಕಳದಾಚೆ ಘಟ್ಟದ ನೆತ್ತಿಯ ಮೇಲೆ ಮೋಡ ಹೂಕೋಸಿನಂತೆ ಅರಳುತ್ತದೆ. ಉಡುಪಿಯಲ್ಲೋ ಕಾಪುವಿನಲ್ಲೋ ನಿಂತು ನೋಡಿದರೆ ಪೂರ್ವ ದಿಕ್ಕೆಲ್ಲ ಕಪ್ಪು. ಒಂದು ದಿನ ಬರೀ ಗುಡುಗು, ಇನ್ನೊಂದು ದಿನ ನಾಲ್ಕು ಹನಿ. ಎಲ್ಲೋ ಅಪರೂಪಕ್ಕೆ ಹೆಂಚಿನ ಮೇಲೆ ಬೇರೆಯೇ ಸದ್ದು ಕೇಳುತ್ತದೆ. ಮಕ್ಕಳು 'ಆಲಿಕಲ್ಲು, ಆಲಿಕಲ್ಲು' ಎಂದು ಕೂಗುತ್ತಾ ಅಂಗಳಕ್ಕೆ ಓಡುತ್ತಾರೆ. 'ತಲೆಗೆ ಬಿದ್ದೀತು, ಒಳಗೆ ಬನ್ನಿ' ಎಂದು ಅಜ್ಜಿ ಗದರಿಸುತ್ತಾರೆ. ಲೋಟದಲ್ಲಿ ಹೆಕ್ಕಿ ತಂದದ್ದನ್ನು ಅಡುಗೆಮನೆಯಲ್ಲಿರುವ ತಾಯಿಗೆ ತೋರಿಸುವಷ್ಟರಲ್ಲಿ ಅದು ನೀರು.

ಹಬ್ಬಕ್ಕೂ ಆಲಿಕಲ್ಲಿಗೂ ಏನು ಸಂಬಂಧ? ಈ ಸಂಬಂಧವನ್ನು ಕಲ್ಪಿಸಿಕೊಟ್ಟವರು ನಮ್ಮ ಮಕ್ಕಳು. ಮಣಿಪಾಲ, ಉಡುಪಿಯ ಇಂಗ್ಲಿಷ್ ಮಾಧ್ಯಮ ಶಾಲೆಗಳಿಗೆ ಹೋಗುವ ಮಕ್ಕಳು ಜಪಸರವನ್ನು ಇಂಗ್ಲಿಷಿನಲ್ಲಿ ಹೇಳುವಾಗ 'ಹೆಯ್ಲ್ ಮೇರಿ' ಎನ್ನುತ್ತಾರೆ. ಅದೇ ಮಕ್ಕಳು ವಿಜ್ಞಾನದ ಪಾಠದಲ್ಲಿ ಆಲಿಕಲ್ಲಿಗೆ 'ಹೆಯ್ಲ್' ಎಂದು ಓದುತ್ತಾರೆ. ಅಕ್ಷರವೂ ಒಂದೇ, ಉಚ್ಚಾರವೂ ಒಂದೇ. ದೇವಮಾತೆಗೆ ಕಲ್ಲಿನ ಹೆಸರು ಏಕೆ ಎಂದು ಮಗು ಕೇಳಿದರೆ ನಗಬೇಡಿ. ಅದು ಒಳ್ಳೆಯ ಪ್ರಶ್ನೆ. ಉತ್ತರ ಇಷ್ಟೇ: ಇವು ಹುಟ್ಟಿನಲ್ಲಿ ಎರಡು ಬೇರೆ ಬೇರೆ ಶಬ್ದಗಳು. ಕಲ್ಲಿನ ಶಬ್ದ ಜರ್ಮನಿಕ್ ಭಾಷೆಗಳ ಹಳೆಯ ಹೆಸರು. ಜರ್ಮನರು ಇಂದಿಗೂ ಅದನ್ನು 'ಹಾಗೆಲ್' ಎನ್ನುತ್ತಾರೆ. ನಮಸ್ಕಾರದ ಶಬ್ದಕ್ಕೆ ಆರೋಗ್ಯ, ಕ್ಷೇಮ, ಇಡಿಯಾಗಿರುವುದು ಎಂಬ ಅರ್ಥ. 'ಹೆಲ್ತ್' ಎಂಬ ಶಬ್ದ ಅದರ ಬಂಧು. ಕಾಲ ಕಳೆದಂತೆ ಎರಡೂ ಸವೆದು ಒಂದೇ ರೂಪಕ್ಕೆ ಬಂದು ನಿಂತವು. ಹೀಗಾಗಿ ಇಂಗ್ಲಿಷಿನಲ್ಲಿ ಕ್ಷೇಮವನ್ನು ಕೋರುವುದೂ ಕಲ್ಲಿನ ಮಳೆಯೂ ಒಂದೇ ಬಾಗಿಲಿನಿಂದ ಒಳಗೆ ಬರುತ್ತವೆ.

ಕನ್ನಡದಲ್ಲಿ ನಾವು 'ನಮೋ' ಎನ್ನುತ್ತೇವೆ, ಕೊಂಕಣಿಯಲ್ಲಿ 'ನಮಾನ್'. ಎರಡರಲ್ಲೂ ಇರುವುದು ತಲೆಬಾಗುವ ಅರ್ಥ. ಸಂತ ಲೂಕರು ಗ್ರೀಕಿನಲ್ಲಿ ಬರೆದ ಶಬ್ದಕ್ಕೆ 'ಸಂತೋಷಪಡು' ಎಂದು ಅರ್ಥ. ಒಂದೇ ನಮಸ್ಕಾರ, ಒಂದು ಭಾಷೆಯಲ್ಲಿ ಕ್ಷೇಮ, ಇನ್ನೊಂದರಲ್ಲಿ ನಮನ, ಮತ್ತೊಂದರಲ್ಲಿ ಸಂತೋಷ.

ಆಲಿಕಲ್ಲಿನ ಕಥೆಯೂ ಹೀಗೆಯೇ. ಕನ್ನಡದಲ್ಲಿ 'ಆಲಿ' ಎಂದರೆ ಮೊದಲು ನೆನಪಿಗೆ ಬರುವುದು ಕಣ್ಣು. 'ಕಣ್ಣಾಲಿಗಳು ತುಂಬಿ ಬಂದವು' ಎಂದು ನಾವು ದಿನವೂ ಓದುತ್ತೇವೆ. ಕಣ್ಣಿನ ಗುಡ್ಡೆಯೂ ಆಲಿ, ಮೋಡದಿಂದ ಬೀಳುವ ಮಂಜಿನ ಗುಂಡೂ ಆಲಿ. ಘಟ್ಟದ ಮೇಲಿನವರು ಇದನ್ನು 'ಆಣೆಕಲ್ಲು', 'ಆನೆಕಲ್ಲು' ಎನ್ನುವುದುಂಟು. ಆನೆಗೂ ಇದಕ್ಕೂ ಸಂಬಂಧವಿಲ್ಲದಿದ್ದರೂ ಮಕ್ಕಳು ಆನೆ ಗಾತ್ರದ ಕಲ್ಲನ್ನು ಕಲ್ಪಿಸಿಕೊಂಡು ಖುಷಿಪಡುತ್ತಾರೆ. ಬೆಂಗಳೂರಿನ ಪಕ್ಕದ ಆನೇಕಲ್ ಊರಿನ ಹೆಸರನ್ನೂ ಹೀಗೆಯೇ ಬಿಡಿಸಿ ಹೇಳುವವರಿದ್ದಾರೆ. ಕಾಸರಗೋಡು ದಾಟಿ ಮಲಯಾಳದ ಸೀಮೆಗೆ ಹೋದರೆ ಅಲ್ಲಿ ಇದು ಕಲ್ಲೇ ಅಲ್ಲ, 'ಆಲಿಪ್ಪಳಂ', ಅಂದರೆ ಆಲಿಹಣ್ಣು! ಸಂಸ್ಕೃತದಲ್ಲಿ 'ಕರಕ' ಎಂದರೆ ಆಲಿಕಲ್ಲೂ ಹೌದು, ಸನ್ಯಾಸಿಯ ಕೈಯ ನೀರಿನ ಪಾತ್ರೆಯೂ ಹೌದು, ದಾಳಿಂಬೆಯೂ ಹೌದು. ನಮ್ಮಲ್ಲಿ ಕಲ್ಲು ಎಂದದ್ದನ್ನು ನೆರೆಯವರು ಹಣ್ಣು ಎನ್ನುತ್ತಾರೆ.

ಗ್ರೀಕಿನಲ್ಲಿ ಆಲಿಕಲ್ಲಿಗೆ 'ಖಲಾಜ' ಎಂದು ಹೆಸರು. ಪ್ರಕಟನೆಯ ಗ್ರಂಥದಲ್ಲಿ ಬರುವುದು ಇದೇ ಶಬ್ದ. ಇದನ್ನು ನಮ್ಮಲ್ಲಿ ಹಲವರು ತಿಳಿಯದೆಯೇ ಕೇಳಿದ್ದಾರೆ. ಕಣ್ಣಿನ ರೆಪ್ಪೆಯೊಳಗೆ ನೋವಿಲ್ಲದ ಸಣ್ಣ ಗಂಟಾಗಿ ಮಣಿಪಾಲದ ಆಸ್ಪತ್ರೆಗೆ ಹೋದವರಿಗೆ ವೈದ್ಯರು ಚೀಟಿಯಲ್ಲಿ 'ಕಲೇಜಿಯನ್' ಎಂದು ಬರೆದಿರುತ್ತಾರೆ. 'ಪುಟ್ಟ ಆಲಿಕಲ್ಲು' ಎಂದು ಅದರ ಅರ್ಥ. ಆಲಿಯ ಮೇಲೆ ಆಲಿಕಲ್ಲು! ಗ್ರೀಕರಿಗೆ ಕನ್ನಡ ಬಾರದಿದ್ದರೂ ಅವರ ಶಬ್ದವೂ ಕಣ್ಣಿನ ಹತ್ತಿರವೇ ಬಂದು ನಿಂತಿದೆ. ಪಾಸ್ಖ ಹಬ್ಬದ ಬೆಳಿಗ್ಗೆ ಮೊಟ್ಟೆ ಒಡೆಯುವಾಗ ಹಳದಿಯ ಎರಡು ಬದಿಯಲ್ಲಿ ಬಿಳಿ ದಾರದಂತೆ ಕಾಣುವುದಕ್ಕೂ ಅದೇ ಹೆಸರು.

ಹಿಂದಿಯವರು ಆಲಿಕಲ್ಲು ಬಿದ್ದರೆ 'ಓಲೆ' ಬಿತ್ತು ಎನ್ನುತ್ತಾರೆ. ಮುಂಬಯಿಯಲ್ಲಿ ದುಡಿದು ಬಂದ ನಮ್ಮ ಹಿರಿಯರಿಗೆ ಇದು ಗೊತ್ತು. ತಲೆ ಬೋಳಿಸಿಕೊಂಡ ಕೂಡಲೇ ಓಲೆ ಬಿತ್ತು ಎಂಬ ಗಾದೆಯನ್ನೂ ಅವರು ಅಲ್ಲಿಂದ ಹೊತ್ತು ತಂದಿದ್ದಾರೆ. ಆದರೆ ನಮ್ಮ ಕನ್ನಡದಲ್ಲಿ ಓಲೆ ಎಂದರೆ ಪತ್ರ, ಸಂದೇಶ. ಮದುವೆಗೆ ಕರೆಯುವುದು ಕರೆಯೋಲೆ. ಒಬ್ಬನಿಗೆ ಕಲ್ಲಾಗಿ ಕೇಳಿಸಿದ್ದು ಇನ್ನೊಬ್ಬನಿಗೆ ಕಾಗದವಾಗಿ ಕೇಳಿಸುತ್ತದೆ.

ಪ್ರಬೋಧನೆಗೆ ಬಂದರೆ ನಿಘಂಟು ಓದುತ್ತಿದ್ದೀರಲ್ಲ ಎನ್ನಬೇಡಿ. ಇಂದಿನ ಶುಭಸಂದೇಶದಲ್ಲಿ ಮಾತೆ ಮರಿಯಮ್ಮ ಮೊದಲು ಮಾಡಿದ್ದು ಇದೇ ಕೆಲಸ. ಸಂತ ಲೂಕರ ಮೊದಲನೆಯ ಅಧ್ಯಾಯವನ್ನು ಮನೆಯಲ್ಲಿ ಮತ್ತೊಮ್ಮೆ ನಿಧಾನವಾಗಿ ಓದಿ. ಅದೇ ಗಬ್ರಿಯೇಲನು ಮೊದಲು ಜಕರೀಯನಿಗೆ ಕಾಣಿಸಿಕೊಂಡಾಗ ಜಕರೀಯ ಕಳವಳಗೊಂಡದ್ದು ದೂತನನ್ನು ಕಂಡು. ಮರಿಯಮ್ಮ ಕಳವಳಗೊಂಡದ್ದು ಅವನ ಮಾತನ್ನು ಕೇಳಿ. ಈ ನಮಸ್ಕಾರದ ಅರ್ಥ ಏನಿದ್ದೀತು ಎಂದು ಆಕೆ ಮನಸ್ಸಿನಲ್ಲೇ ಯೋಚಿಸತೊಡಗಿದಳು ಎಂದು ಲೂಕರು ಬರೆಯುತ್ತಾರೆ. ಮೇಲಿನಿಂದ ಒಂದು ಶಬ್ದ ಬಂದು ಅವಳ ಮನೆಯಂಗಳದಲ್ಲಿ ಬಿದ್ದಿದೆ. ಅದು ಕಲ್ಲೋ, ಹಣ್ಣೋ, ಓಲೆಯೋ ಅವಳಿಗೆ ಗೊತ್ತಿಲ್ಲ. ಅವಳು ಓಡಿಹೋಗಲಿಲ್ಲ, ಗೊತ್ತಿದ್ದವಳಂತೆ ತೀರ್ಮಾನವನ್ನೂ ಕೊಡಲಿಲ್ಲ. ಯೋಚಿಸಿದಳು, ಆಮೇಲೆ ಇದು ಹೇಗೆ ಸಾಧ್ಯ ಎಂದು ಬಾಯಿಬಿಟ್ಟು ಕೇಳಿದಳು. 'ಆಗಲಿ' ಎಂದದ್ದು ಅದರ ನಂತರ.

ನಾವು ಹಾಗೆ ಮಾಡುತ್ತೇವೆಯೇ? ಇಲ್ಲಿಂದ ಮಾತು ಸ್ವಲ್ಪ ಕಹಿಯಾಗುತ್ತದೆ.

ಕಾಪುವಿನಿಂದ ಒಳಗೆ ಶಂಕರಪುರದ ಸುತ್ತಮುತ್ತ ಮಲ್ಲಿಗೆ ಬೆಳೆಯುವ ನೂರಾರು ಮನೆಗಳಿವೆ. ಅವುಗಳಲ್ಲಿ ನಮ್ಮ ಕ್ರೈಸ್ತ ಕುಟುಂಬಗಳೂ ಬಹಳ. ಹೊರಗಿನವರಿಗೆ ಅದು ಉಡುಪಿ ಮಲ್ಲಿಗೆ; ಭೌಗೋಳಿಕ ಗುರುತು ಸಿಕ್ಕಿದ ಹೂವು, ಮುಂಬಯಿಗೂ ಹೋಗುವ ಹೂವು. ಬೆಳೆಯುವವರಿಗೆ ಅದು ಬೆಳಗಿನ ಜಾವ ಎದ್ದು ಮೊಗ್ಗು ಕೊಯ್ದು ಬಾಳೆನಾರಿನಲ್ಲಿ ಕಟ್ಟುವ ಕೆಲಸ. ಒಂದು ಚೆಂಡಿಗೆ 800 ಹೂ, ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಲೆಕ್ಕ ಹಾಕಿ, ಒಂದು ಅಟ್ಟೆಗೆ 3,200 ಸಲ ಬೆರಳು ಬಾಗಬೇಕು. ಎಷ್ಟೋ ಮನೆಗಳಲ್ಲಿ ಹೆಣ್ಣುಮಕ್ಕಳ ಓದು, ಮದುವೆಯ ಖರ್ಚು, ಅಜ್ಜನ ಔಷಧಿ ಈ ಗಿಡಗಳಿಂದಲೇ ನಡೆದಿದೆ. ಬೇಸಿಗೆ ಅವರ ಸುಗ್ಗಿ. ಅದೇ ಬೇಸಿಗೆಯಲ್ಲಿ ಒಂದು ಸಂಜೆ ಹತ್ತು ನಿಮಿಷ ಆಲಿಕಲ್ಲು ಬಿದ್ದರೆ ಮೊಗ್ಗು ನೆಲಕ್ಕೆ, ಚಿಗುರು ಹರಿದು ಚಿಂದಿ. ಕಾರ್ಕಳದ ಕಡೆ ಬಾಳೆಯ ಎಲೆ ಸೀಳಿಹೋಗುತ್ತದೆ, ಮಾವಿನ ಮಿಡಿ ಉದುರುತ್ತದೆ, ಹಳೆಯ ಹೆಂಚು ಒಡೆಯುತ್ತದೆ.

ಅಂಥ ಮನೆಗೆ ಮರುದಿನ ಇನ್ನೊಂದು ಮಳೆ ಬೀಳುತ್ತದೆ. ಅದು ಮಾತಿನ ಮಳೆ. 'ಅವರ ಮನೆಗೇ ಏಕೆ ಬಿತ್ತು? ಪಕ್ಕದ ಹಿತ್ತಿಲಿಗೆ ಏನೂ ಆಗಿಲ್ಲವಲ್ಲ.' 'ತಾಯಿಯನ್ನು ನೋಡಿಕೊಳ್ಳಲಿಲ್ಲ, ದೇವರು ಬಿಡುತ್ತಾನೆಯೇ?' 'ಭಾನುವಾರವೂ ಹೂ ಕೊಯ್ಯುತ್ತಿದ್ದರು.' ಆಲಿಕಲ್ಲು ಹತ್ತು ನಿಮಿಷದಲ್ಲಿ ಕರಗುತ್ತದೆ. ಈ ಮಾತುಗಳು ಹತ್ತು ವರ್ಷವಾದರೂ ಕರಗುವುದಿಲ್ಲ. ಆಲಿಕಲ್ಲಿಗೆ ಮಾತ್ರವಲ್ಲ, ಮಗು ಹುಟ್ಟದಿರುವುದಕ್ಕೆ, ಕ್ಯಾನ್ಸರ್ ಕಾಯಿಲೆಗೆ, ಗಲ್ಫಿನಲ್ಲಿ ಕೆಲಸ ಕಳೆದುಕೊಂಡದ್ದಕ್ಕೆ, ಎಲ್ಲದಕ್ಕೂ ನಮ್ಮ ಬಳಿ ಇಂಥ ಸಿದ್ಧ ಉತ್ತರಗಳಿವೆ. ಆ ಮನೆಯವರು ಬೇರೆಯವರ ಬಾಯಿಂದ ಕೇಳಿದ್ದನ್ನು ರಾತ್ರಿ ತಮಗೆ ತಾವೇ ಹೇಳಿಕೊಳ್ಳತೊಡಗುತ್ತಾರೆ. ಗುರುಗಳ ಬಳಿ ಪಾಪನಿವೇದನೆಗೆ ಬಂದು, ಮಾಡದ ಪಾಪಕ್ಕೆ ಅತ್ತವರನ್ನು ಯಾವ ಧರ್ಮಕೇಂದ್ರದ ಗುರುಗಳೂ ಕಂಡಿರುತ್ತಾರೆ.

ಒಂದು ಹಿತ್ತಿಲಿಗೆ ಬಿದ್ದು ಪಕ್ಕದ ಹಿತ್ತಿಲಿಗೆ ಬೀಳದಿರುವುದಕ್ಕೆ ಕಾರಣವನ್ನು ಶಾಲೆಯ ಮಕ್ಕಳೂ ಹೇಳಬಲ್ಲರು. ಬಿಸಿಯಾದ ನೆಲದಿಂದ ತೇವ ತುಂಬಿದ ಗಾಳಿ ಜೋರಾಗಿ ಮೇಲೇರುತ್ತದೆ. ಸಮುದ್ರದ ಗಾಳಿ ಘಟ್ಟಕ್ಕೆ ಬಡಿದು ಅದಕ್ಕೆ ಇನ್ನಷ್ಟು ಒತ್ತು ಕೊಡುತ್ತದೆ. ನಮ್ಮಲ್ಲಿ ಬೇಸಿಗೆಯಲ್ಲಿ ಸುಮಾರು 5 ಕಿಲೋಮೀಟರ್ ಎತ್ತರದ ಮೇಲೆ ನೀರು ಹೆಪ್ಪುಗಟ್ಟುವ ಚಳಿ ಇರುತ್ತದೆ, ಗುಡುಗಿನ ಮೋಡ ಅದನ್ನೂ ಮೀರಿ ಬೆಳೆಯುತ್ತದೆ. ಅಲ್ಲಿ ಹುಟ್ಟಿದ ಮಂಜಿನ ಕಣವನ್ನು ಮೇಲೇರುವ ಗಾಳಿ ಎತ್ತಿ ಹಿಡಿಯುತ್ತದೆ. ತಣ್ಣನೆಯ ಹನಿಗಳು ಅದಕ್ಕೆ ಅಂಟಿ ಹೆಪ್ಪುಗಟ್ಟುತ್ತಾ ಪದರದ ಮೇಲೆ ಪದರ ಬೆಳೆಯುತ್ತದೆ. ದೊಡ್ಡ ಆಲಿಕಲ್ಲನ್ನು ಸೀಳಿದರೆ ಈರುಳ್ಳಿಯಂತೆ ಬಳೆ ಬಳೆ ಕಾಣುವುದು ಇದಕ್ಕೇ. ಇನ್ನು ಹೊರಲಾರೆ ಎಂದು ಗಾಳಿ ಕೈಬಿಟ್ಟಾಗ ಅದು ಬೀಳುತ್ತದೆ. ಕೆಳಗಿನ ಬಿಸಿಗಾಳಿಯಲ್ಲಿ ದಾರಿಯುದ್ದಕ್ಕೂ ಕರಗುವುದರಿಂದ ನಮ್ಮ ಕರಾವಳಿಗೆ ತಲುಪುವುದೇ ಅಪರೂಪ. ಮೋಡದ ಯಾವ ಮೂಲೆ ಯಾರ ಹಿತ್ತಿಲಿನ ಮೇಲಿದೆ ಎಂಬುದಕ್ಕೆ ಆ ಮನೆಯವರು ಭಾನುವಾರ ಪೂಜೆಗೆ ಬಂದಿದ್ದರೇ ಎಂಬ ಲೆಕ್ಕ ಸೇರುವುದಿಲ್ಲ. 1888ರ ಏಪ್ರಿಲ್ 30ರಂದು ಉತ್ತರ ಭಾರತದ ಮೊರಾದಾಬಾದಿನ ಬಳಿ ಆಲಿಕಲ್ಲಿನ ಮಳೆಗೆ 246 ಜನ ಸತ್ತರು. ಜಗತ್ತಿನ ದಾಖಲೆಗಳಲ್ಲಿ ಇದಕ್ಕಿಂತ ಹೆಚ್ಚು ಜೀವ ತೆಗೆದ ಆಲಿಕಲ್ಲಿನ ಮಳೆ ಇನ್ನೊಂದಿಲ್ಲ. ಅವರೆಲ್ಲರೂ ನಮಗಿಂತ ಹೆಚ್ಚು ಪಾಪಿಗಳಾಗಿದ್ದರೇ? ಸಿಲೋವದ ಗೋಪುರ ಕುಸಿದು ಹದಿನೆಂಟು ಜನ ಸತ್ತಾಗ ಯೇಸುಸ್ವಾಮಿ ಇದೇ ಪ್ರಶ್ನೆ ಕೇಳಿ, ಇಲ್ಲ ಎಂದು ತಾವೇ ಉತ್ತರಿಸಿದರು.

ಆದರೂ ಪವಿತ್ರ ಬೈಬಲಿನಲ್ಲಿ ದೇವರು ಆಲಿಕಲ್ಲು ಸುರಿಸಿದ್ದು ಇದೆಯಲ್ಲ ಎಂದು ನೀವು ಕೇಳಬೇಕು. ಇದೆ. ಅದನ್ನು ಮುಚ್ಚಿಡುವುದು ಬೇಡ. ವಿಮೋಚನಕಾಂಡದ ಒಂಬತ್ತನೆಯ ಅಧ್ಯಾಯದಲ್ಲಿ ಈಜಿಪ್ಟಿನ ಮೇಲೆ ಬಂದ ಏಳನೆಯ ಉಪದ್ರವ ಅದೇ. ಆದರೆ ಪೂರ್ತಿ ಓದಿ. ಮೊದಲನೆಯದಾಗಿ, ಅದು ಬಂದದ್ದು ಜನರನ್ನು ಇಟ್ಟಿಗೆಯ ಗುಲಾಮರಾಗಿ ದುಡಿಸಿಕೊಂಡು ಬಿಡುಗಡೆ ಕೊಡದ ಅರಸನ ನಾಡಿನ ಮೇಲೆ. ಬಡವನ ಹಿತ್ತಿಲಿನ ಮೇಲಲ್ಲ. ಗೋಷೆನ್ ಪ್ರಾಂತ್ಯದಲ್ಲಿ ಬೀಳಲಿಲ್ಲ ಎಂಬುದನ್ನು ಹಿಡಿದು, ನೋಡಿ, ಒಳ್ಳೆಯವರ ಮನೆ ಉಳಿಯಿತು ಎನ್ನುವವರಿದ್ದಾರೆ. ಗೋಷೆನಿನಲ್ಲಿ ಇದ್ದವರು ಸಜ್ಜನರೆಂದಲ್ಲ, ತುಳಿತಕ್ಕೊಳಗಾದವರೆಂದು ಉಳಿದರು. ಅವರ ಗೊಣಗಾಟ, ಹಠ ಎಲ್ಲವನ್ನೂ ಅದೇ ಗ್ರಂಥ ಮುಂದೆ ಬಿಡದೆ ಬರೆದಿದೆ.

ಎರಡನೆಯ ಮಾತು ನಮಗೆ ಬಹಳ ಹಿಡಿಸಿದ್ದು. ನಾಳೆ ಇಷ್ಟು ಹೊತ್ತಿಗೆ ಆಲಿಕಲ್ಲು ಬೀಳಲಿದೆ, ದನಕರುಗಳನ್ನೂ ಆಳುಗಳನ್ನೂ ಸೂರಿನ ಕೆಳಗೆ ತನ್ನಿ ಎಂದು ಮೋಶೆಯ ಮೂಲಕ ದೇವರು ಹಿಂದಿನ ದಿನವೇ ಎಚ್ಚರಿಸುತ್ತಾರೆ. ಕೇಳಿದ ಈಜಿಪ್ಟಿನವರೂ ತಮ್ಮವರನ್ನು ಉಳಿಸಿಕೊಂಡರು. ಹಿಂದಿನ ದಿನ ಬಂದು ದನ ಒಳಗೆ ಕಟ್ಟು ಎನ್ನುವವನು ಪ್ರವಾದಿ. ಮರುದಿನ ಬಂದು ಏಕೆ ಬಿತ್ತು ಗೊತ್ತೇ ಎನ್ನುವವನು ಬರೀ ನೆರೆಮನೆಯವನು.

ಆ ಅಧ್ಯಾಯದ ಕೊನೆಯ ಹತ್ತಿರ ಒಂದು ಪುಟ್ಟ ವಿಷಯವಿದೆ, ಅದನ್ನು ಬರೆದವನು ರೈತನ ಮಗನೇ ಇರಬೇಕು. ಜವೆಗೋದಿ ತೆನೆ ಬಿಟ್ಟಿತ್ತು, ಅಗಸೆ ಮೊಗ್ಗು ಬಿಟ್ಟಿತ್ತು, ಅವೆರಡೂ ಹಾಳಾದವು. ಗೋಧಿ ತಡವಾಗಿ ಬರುವ ಬೆಳೆಯಾದ್ದರಿಂದ ಉಳಿಯಿತು. ಅಷ್ಟು ದೊಡ್ಡ ಉಪದ್ರವದ ನಡುವೆ ನಿಂತು ಯಾವ ಬೆಳೆ ಹೋಯಿತು, ಯಾವುದು ಉಳಿಯಿತು ಎಂದು ಲೆಕ್ಕ ಇಟ್ಟಿದ್ದಾರೆ. ಹಾನಿಯಾದ ಮನೆಗೆ ಹೋದಾಗ ಮಾಡಬೇಕಾದ ಕೆಲಸ ಅದೇ. ಬುಡ ಸರಿ ಇದೆಯೇ, ಮತ್ತೆ ಚಿಗುರೀತೇ, ಎಷ್ಟು ಗಿಡ ಉಳಿದಿದೆ ಎಂದು ಜೊತೆಗೆ ನಿಂತು ನೋಡುವುದು.

ಮಳೆ ನಿಂತ ಮೇಲೆ ಫರೋಹನ ಎದೆ ಮತ್ತೆ ಕಲ್ಲಾಯಿತು ಎಂದು ಅಲ್ಲಿಯೇ ಬರೆದಿದೆ. ನೆಲದ ಮೇಲಿನ ಕಲ್ಲೆಲ್ಲ ಕರಗಿ ನೀರಾಯಿತು. ಅರಮನೆಯೊಳಗಿನ ಕಲ್ಲು ಕರಗಲಿಲ್ಲ. ಕಾರ್ಕಳದ ಬಂಡೆಯ ಮೇಲೆ 1432ರಲ್ಲಿ ನಿಲ್ಲಿಸಿದ 42 ಅಡಿಯ ಗೊಮ್ಮಟನ ಮೂರ್ತಿ ಎಷ್ಟೊಂದು ಮಳೆಗಾಲ ಕಂಡು ಇಂದಿಗೂ ನಿಂತಿದೆ. ಒಳ್ಳೆಯ ಕಲ್ಲಿಗೆ ಆಯುಷ್ಯ ಇರಲಿ. ಆದರೆ ನಮ್ಮ ಎದೆಯೊಳಗಿನ ಕಲ್ಲಿಗೆ ಅಷ್ಟು ಆಯುಷ್ಯ ಬೇಡ. ಕಲ್ಲಿನ ಹೃದಯ ತೆಗೆದು ಮಾಂಸದ ಹೃದಯ ಕೊಡುತ್ತೇನೆ ಎಂಬ ಯೆಹೆಜ್ಕೇಲನ ಪ್ರವಾದನೆಯನ್ನು ಇನ್ನು ಕೆಲವೇ ದಿನಗಳಲ್ಲಿ ಪಾಸ್ಖದ ಜಾಗರಣೆಯ ರಾತ್ರಿ ಕೇಳಲಿದ್ದೇವೆ. ಅದೇ ಪ್ರವಾದಿ ಆಲಿಕಲ್ಲಿನ ಬಗ್ಗೆಯೂ ಮಾತನಾಡಿದ್ದಾನೆ. ಸುಳ್ಳು ಪ್ರವಾದಿಗಳು ಗಟ್ಟಿಯಿಲ್ಲದ ಗೋಡೆಗೆ ಸುಣ್ಣ ಬಳಿಯುತ್ತಾರೆ, ಆಲಿಕಲ್ಲು ಬಂದು ಅದನ್ನು ಕೆಡವುತ್ತದೆ ಎಂದು. ಅಂದರೆ ಎಲ್ಲದಕ್ಕೂ ದೇವರ ಹೆಸರಿನಲ್ಲಿ ಸಲೀಸಾಗಿ ಕಾರಣ ಹೇಳುವವರ ಗೋಡೆಯ ಮೇಲೆ!

ಯೋಬನ ಸ್ನೇಹಿತರು ನೆನಪಿದೆಯೇ? ಎಲ್ಲ ಕಳೆದುಕೊಂಡು ಬೂದಿಯಲ್ಲಿ ಕುಳಿತವನ ಬಳಿಗೆ ಬಂದು ಏಳು ದಿನ, ಏಳು ರಾತ್ರಿ ಏನೂ ಮಾತನಾಡದೆ ನೆಲದ ಮೇಲೆ ಜೊತೆಗೆ ಕುಳಿತರು. ಅವರು ಮಾಡಿದ್ದರಲ್ಲಿ ಒಳ್ಳೆಯದು ಅದೊಂದೇ. ಎಂಟನೆಯ ದಿನದಿಂದ ಬಾಯಿ ತೆರೆದರು, ಮುವ್ವತ್ತು ಅಧ್ಯಾಯಗಳಷ್ಟು ಚರ್ಚೆ. ಕೊನೆಗೆ ದೇವರು ಮಾತನಾಡಿದಾಗ ಆಲಿಕಲ್ಲಿನ ಉಗ್ರಾಣವನ್ನು ನೀನು ನೋಡಿದ್ದೀಯೋ ಎಂದು ಕೇಳುತ್ತಾರೆ. ಆ ಉಗ್ರಾಣದ ಬೀಗದ ಕೈ ನಮ್ಮ ಯಾರ ಸೊಂಟದಲ್ಲೂ ಇಲ್ಲ. ಇರುವಂತೆ ಮಾತನಾಡುವ ಅಭ್ಯಾಸ ಮಾತ್ರ ಇದೆ. ಹುಟ್ಟು ಕುರುಡನನ್ನು ಕಂಡು ಪಾಪ ಮಾಡಿದವನು ಇವನೋ, ಇವನ ಹೆತ್ತವರೋ ಎಂದು ಕೇಳಿದವರು ಬೇರೆ ಯಾರೂ ಅಲ್ಲ, ಯೇಸುಸ್ವಾಮಿಯ ಸ್ವಂತ ಶಿಷ್ಯರು. ಇವನೂ ಅಲ್ಲ, ಹೆತ್ತವರೂ ಅಲ್ಲ ಎಂದು ಹೇಳಿ ಸ್ವಾಮಿ ಮಣ್ಣು ಕಲಸಿ ಅವನ ಕಣ್ಣಾಲಿಗೆ ಹಚ್ಚಿದರು. ಕಾರಣದ ಚರ್ಚೆಯನ್ನು ಅಲ್ಲಿಗೇ ನಿಲ್ಲಿಸಿ ಕೈ ಕೊಳೆ ಮಾಡಿಕೊಂಡರು.

ಇನ್ನೊಂದು ವಿಷಯ ಹೇಳದೆ ಮುಂದೆ ಹೋಗಲಾಗದು. ಆಗಸ್ಟ್ 15ರಂದು ಮಾತೆಯ ಸ್ವರ್ಗಸ್ವೀಕಾರದ ಹಬ್ಬದಲ್ಲಿ ಪ್ರಕಟನೆಯ ಗ್ರಂಥದ ಹನ್ನೊಂದನೆಯ ಅಧ್ಯಾಯದ ಕೊನೆಯ ವಚನದಿಂದ ವಾಚನ ಆರಂಭವಾಗುತ್ತದೆ: ಸ್ವರ್ಗದಲ್ಲಿ ದೇವಾಲಯ ತೆರೆಯಿತು, ಒಡಂಬಡಿಕೆಯ ಮಂಜೂಷ ಕಾಣಿಸಿತು. ಅಲ್ಲಿಂದ ನೇರವಾಗಿ ಸೂರ್ಯನನ್ನು ಉಟ್ಟ ಸ್ತ್ರೀಯ ಕಡೆಗೆ ಹೋಗುತ್ತೇವೆ. ಆದರೆ ಬೈಬಲ್ ತೆರೆದು ನೋಡಿದರೆ ಆ ವಚನ ಅಲ್ಲಿಗೆ ಮುಗಿಯುವುದಿಲ್ಲ. ಅದರ ಉತ್ತರಾರ್ಧದಲ್ಲಿ ಮಿಂಚು, ಗುಡುಗು, ಭೂಕಂಪ, ಕೊನೆಗೆ ದೊಡ್ಡ ಆಲಿಕಲ್ಲಿನ ಮಳೆ ಇದೆ. ಹಬ್ಬದ ವಾಚನದಲ್ಲಿ ಅದನ್ನು ಬಿಟ್ಟಿದ್ದಾರೆ. ಓದುವ ಅನುಕೂಲಕ್ಕೆ ಬಿಟ್ಟಿರಬಹುದು. ಬಾಳಿನಲ್ಲಿ ಮಾತ್ರ ಆ ಅರ್ಧ ವಚನವನ್ನು ಬಿಟ್ಟು ಓದಲು ಬರುವುದಿಲ್ಲ. ಮರಿಯಮ್ಮನಿಗೂ ಬರಲಿಲ್ಲ. ದೂತನ ನಮಸ್ಕಾರ ಸ್ವೀಕರಿಸಿದವಳಿಗೆ ಮುಂದೆ ಕಾದಿದ್ದದ್ದು ಜೋಸೆಫರ ಸಂದೇಹ, ದನದ ಕೊಟ್ಟಿಗೆ, ಈಜಿಪ್ಟಿಗೆ ಪಲಾಯನ, ಶಿಲುಬೆಯ ಬುಡ. ಊರಿನವರ ಮಾತೂ ಇದ್ದಿರಬೇಕು; ಮದುವೆಗೆ ಮೊದಲೇ ಗರ್ಭಿಣಿಯಾದ ಹುಡುಗಿಗೆ ಆ ಕಾಲದ ಕಾನೂನಿನಲ್ಲಿ ಕಲ್ಲಿನ ಶಿಕ್ಷೆ ಇತ್ತು ಎಂಬುದನ್ನು ಮರೆಯಬೇಡಿ. ಆಕೆಯ ಮೇಲೆ ಕಲ್ಲು ಬೀಳುವುದಾಗಿದ್ದರೆ ಅದು ಆಕಾಶದಿಂದ ಅಲ್ಲ, ನೆರೆಮನೆಯವರ ಕೈಯಿಂದ ಬೀಳಬೇಕಿತ್ತು.

ಮೊದಲ ವಾಚನದಲ್ಲಿ ಅರಸ ಆಹಾಜನಿಗೆ ಯೆಶಾಯನು ಪಾತಾಳದಷ್ಟು ಆಳದಿಂದಾಗಲಿ, ಆಕಾಶದಷ್ಟು ಎತ್ತರದಿಂದಾಗಲಿ ಒಂದು ಗುರುತು ಕೇಳು ಎನ್ನುತ್ತಾನೆ. ಆಹಾಜ ಕೇಳುವುದಿಲ್ಲ. ಆದರೂ ಗುರುತು ಬರುತ್ತದೆ. ಯಾವುದು? ಸಿಡಿಲಲ್ಲ, ಬೆಂಕಿಯಲ್ಲ, ಆಲಿಕಲ್ಲಲ್ಲ. ಒಂದು ಮಗು. ದೇವರ ಮನಸ್ಸು ತಿಳಿಯಬೇಕೆಂದು ಹಿತ್ತಿಲಿನ ಮೇಲಿನ ಮೋಡವನ್ನು ಓದುತ್ತಾ ಕೂರುವವರಿಗೆ ಈ ಹಬ್ಬ ಹೇಳುವುದು ಅದನ್ನೇ. ರೊಟ್ಟಿ ಕೇಳಿದ ಮಗನಿಗೆ ಯಾವ ತಂದೆ ಕಲ್ಲು ಕೊಟ್ಟಾನು ಎಂದು ಆ ಮಗುವೇ ಬೆಳೆದು ನಮ್ಮನ್ನು ಕೇಳಿತು. 148ನೆಯ ಕೀರ್ತನೆಯಲ್ಲಿ ಸರ್ವೇಶ್ವರನನ್ನು ಸ್ತುತಿಸುವವರ ಸಾಲಿನಲ್ಲಿ ಹಣ್ಣಿನ ಮರ, ಅರಸರು, ಮುದುಕರು, ಮಕ್ಕಳು ಇವರ ಜೊತೆಗೆ ಆಲಿಕಲ್ಲೂ ನಿಂತಿದೆ. ಅದಕ್ಕೂ ಗಾಯನವೃಂದದಲ್ಲಿ ಒಂದು ಜಾಗ ಇದೆ. ಪೊಲೀಸ್ ಕೆಲಸ ಅದಕ್ಕೆ ಒಪ್ಪಿಸಿಲ್ಲ.

ಈಗ ನಮ್ಮ ಧರ್ಮಕೇಂದ್ರಗಳ ಕೆಲಸ. ಸರಕಾರದ ಪ್ರಕೃತಿ ವಿಕೋಪಗಳ ಪಟ್ಟಿಯಲ್ಲಿ ಆಲಿಕಲ್ಲು ಮಳೆ ಇದೆ. ಶೇಕಡಾ 33ಕ್ಕೆ ಕಡಿಮೆಯಿಲ್ಲದಂತೆ ಬೆಳೆ ಹಾಳಾದರೆ ಪರಿಹಾರಕ್ಕೆ ಅವಕಾಶವಿದೆ. ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಬೆಳೆಗೆ ವಿಮೆ ಮಾಡಿಸಿದವರು ಆಲಿಕಲ್ಲಿನ ಹಾನಿಯನ್ನು 72 ಗಂಟೆಯೊಳಗೆ ತಿಳಿಸಬೇಕು. ಮೂರು ದಿನ! ಆ ಮೂರು ದಿನ ಮನೆಯವರು ತಲೆಗೆ ಕೈ ಹೊತ್ತು ಕುಳಿತಿರುತ್ತಾರೆ, ನಾವು ಕಾರಣ ಚರ್ಚಿಸುತ್ತಿರುತ್ತೇವೆ. ಪ್ರತಿ ವಾರ್ಡಿನ ಗುರ್ಕಾರರು ಫೋಟೋ ತೆಗೆಯಲು ಬರುವ ಒಬ್ಬ ಹುಡುಗನನ್ನೋ ಹುಡುಗಿಯನ್ನೋ ಕರೆದುಕೊಂಡು ಮೊದಲ ದಿನವೇ ಹೋಗಲಿ, ಅರ್ಜಿ ಬರೆದುಕೊಡಲಿ. ಸಂತ ವಿನ್ಸೆಂಟ್ ದಿ ಪಾವ್ಲ್ ಸಭೆಯವರು ಹೆಂಚಿನ ಲೆಕ್ಕ ತೆಗೆದುಕೊಳ್ಳಲಿ. ಸ್ತ್ರೀ ಸಂಘಟನೆಯ ಅಕ್ಕಂದಿರು ಒಂದು ಪಾತ್ರೆ ಗಂಜಿ, ಚಟ್ನಿ ತೆಗೆದುಕೊಂಡು ಹೋದರೂ ಸಾಕು. ಹೋದಾಗ ಏನು ಮಾತನಾಡಬೇಕು ಎಂದು ತೋಚದಿದ್ದರೆ ಯೋಬನ ಸ್ನೇಹಿತರ ಮೊದಲ ವಾರವನ್ನು ನೆನಪಿಸಿಕೊಳ್ಳಿ.

ಮರಿಯಮ್ಮನೂ ಹೊರಟದ್ದು ಹಾಗೆಯೇ. ದೂತ ಹೋದ ಮೇಲೆ ಆಕೆ ತನ್ನ ಭಾಗ್ಯವನ್ನು ಮೂಲೆಯಲ್ಲಿ ಕುಳಿತು ಎಣಿಸಲಿಲ್ಲ. ಅವಸರವಾಗಿ ಬೆಟ್ಟದ ಸೀಮೆಗೆ ಹೋದಳು. ಎಲಿಜಬೇತಳ ಮನೆ ಎಂದರೆ ಏನು? ಮುದಿ ವಯಸ್ಸಿನ ತನಕ ಬಂಜೆ ಎನಿಸಿಕೊಂಡು, ಜನರ ನಡುವೆ ತನಗಿದ್ದ ಅವಮಾನ ಎಂದು ತನ್ನ ಬಾಯಿಂದಲೇ ಹೇಳಿದವಳ ಮನೆ. ಎಷ್ಟು ವರ್ಷ ಎಷ್ಟು ಬಾಯಿಗಳು ಆ ಮನೆಗೆ ಕಾರಣ ಹೇಳಿದ್ದವೋ. ಆ ಹೊಸ್ತಿಲಲ್ಲಿ ನಿಂತು ಮರಿಯಮ್ಮ ಮಾಡಿದ್ದು ಒಂದೇ ಕೆಲಸ, ನಮಸ್ಕಾರ ಹೇಳಿದ್ದು. ದೂತನಿಂದ ತನಗೆ ಬಂದದ್ದನ್ನು ಅದೇ ಬಿಸಿಯಲ್ಲಿ ದಾಟಿಸಿದಳು. ಅದು ಕಿವಿಗೆ ಬಿದ್ದಾಗ ಗರ್ಭದ ಮಗು ಸಂತೋಷದಿಂದ ಕುಣಿಯಿತು. ಮೂರು ತಿಂಗಳು ಅಲ್ಲಿಯೇ ಉಳಿದಳು.

ಪ್ರಿಯರೇ, ಈಗ ಎದ್ದು ನಿಂತು ವಿಶ್ವಾಸ ಪ್ರಮಾಣವನ್ನು ಹೇಳೋಣ. ಬೇರೆ ದಿನಗಳಲ್ಲಿ, ದೇವರ ಪುತ್ರರು ಮನುಷ್ಯರಾದರು ಎಂಬ ಸಾಲಿನಲ್ಲಿ ನಾವು ತಲೆಬಾಗುತ್ತೇವೆ. ವರ್ಷಕ್ಕೆ ಎರಡು ಹಬ್ಬಗಳಲ್ಲಿ, ಕ್ರಿಸ್ಮಸ್ ಮತ್ತು ಇಂದು, ಆ ಸಾಲಿಗೆ ಮೊಣಕಾಲೂರುತ್ತೇವೆ. ಅಲ್ಲಿಗೆ ಬಂದಾಗ ಸ್ವಲ್ಪ ನಿಧಾನಿಸೋಣ. ಮಂಡಿನೋವು ಇರುವವರು ಮುಂದಿನ ಬೆಂಚನ್ನು ಹಿಡಿದುಕೊಳ್ಳಿ. ಪಕ್ಕದಲ್ಲಿರುವವರು ಕೈ ಕೊಡಿ.